ನೂರಾ ಎಪ್ಪತ್ತೊಂದು ಗಂಟು

ಕಪಾಟಿನ ಬಾಗಿಲು ತೆರೆದಾಗ ಮಂಜೂರನಿಗೆ ಮೊದಲು ಅನಿಸಿದ್ದು, ತಾನು ಬೇರೆ ಯಾರದೋ ಕಪಾಟು ತೆರೆದಿದ್ದೇನೆ ಎಂದು. ಟೈಗಳೆಲ್ಲ ಇದ್ದವು. ಒಂದೂ ಕಳೆದಿರಲಿಲ್ಲ. ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ, ಪಟ್ಟೆಯವು ಒಂದು ಕಡೆ, ಚುಕ್ಕೆಯವು ಇನ್ನೊಂದು ಕಡೆ, ಎಲ್ಲವೂ ಕಡ್ಡಿಯ ಮೇಲೆ ಓರಣವಾಗಿ ಇಳಿಬಿದ್ದಿದ್ದವು. ಇಸ್ತ್ರಿ ಮಾಡಿದ ಬಟ್ಟೆಯ ಬೆಚ್ಚನೆ ವಾಸನೆ ಒಳಗಿನಿಂದ ಮುಖಕ್ಕೆ ಬಡಿಯಿತು. ಆದರೆ ಒಂದಕ್ಕೂ ಗಂಟಿರಲಿಲ್ಲ. ನೂರಾ ಎಪ್ಪತ್ತೊಂದು ಟೈಗಳು ನೂರಾ ಎಪ್ಪತ್ತೊಂದು ಬಟ್ಟೆಯ ಪಟ್ಟಿಗಳಾಗಿ ಜೋತುಬಿದ್ದಿದ್ದವು. ಅವನು ಒಂದನ್ನು ಎತ್ತಿ ನೋಡಿದ, ಅದರ ಹಿಂದಿನದನ್ನು ನೋಡಿದ, ಕೊನೆಗೆ ಎರಡೂ ಕೈ ಹಾಕಿ ಇಡೀ ಸಾಲನ್ನು ಸರಿಸಿ ಹುಡುಕಿದ. ಒಂದಾದರೂ ಉಳಿದೀತು, ಕಣ್ತಪ್ಪಿ ಬಿಟ್ಟಿದ್ದಾಳು. ಬಿಟ್ಟಿರಲಿಲ್ಲ. ಸೊಸೆ ಶಾಹಿಸ್ತಾ ಅರ್ಧಂಬರ್ಧ ಕೆಲಸ ಮಾಡುವ ಹುಡುಗಿಯಲ್ಲ.

"ಛಲೋ ಕಾಣಸ್ತಾವಿಲ್ರಿ ಮಾಮಾ?" ಬಾಗಿಲಲ್ಲಿ ಚಹದ ಕಪ್ಪು ಹಿಡಿದು ಸೊಸೆ ನಿಂತಿದ್ದಳು. ಮದುವೆಯಾಗಿ ಈ ಮನೆಗೆ ಬಂದು ಮೂರು ತಿಂಗಳು. "ನೀವು ಬಿಜಾಪುರಕ್ಕ ಟ್ರೇನಿಂಗಿಗೆ ಹೋಗಿದ್ದ ಎರಡ ದಿವಸದಾಗ ಮುಗಸೀನ್ರಿ. ಹ್ಯಾಂಗೂ ರಂಜಾನ ಹತ್ರ ಬಂತು, ಮನಿ ಎಲ್ಲಾ ಝಾಡಸಾಕತ್ತಿದ್ವಿ. ಗಂಟ ಹಾಕಿದ್ದು ಹಾಕಿದಂಗ ಇದ್ವು, ಸಂದ್ಯಾಗೆಲ್ಲಾ ಧೂಳಾ ಕುಂತಿತ್ತು. ಕೆಲವೊಂದಂತೂ ಎಷ್ಟ ವರ್ಷದ ಗಂಟೋ ಏನೋ, ಹಲ್ಲ ಹಚ್ಚಿ ಬಿಚ್ಚೀನಿ. ನೀವು ಹಾಕ್ಕೊಂಡ ಹೋಗಿದ್ವನ್ನೂ ರಾತ್ರಿ ಬ್ಯಾಗಿನಾಗಿಂದ ತಗದು ಬಿಚ್ಚೀನ್ರಿ." ಹೇಳುತ್ತ ಅವಳು ನಕ್ಕಳು. ಅವಳದು ಒಂದು ಹೊಗಳಿಕೆಗಾಗಿ ಕಾಯುವ ಮುಖವಾಗಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸಿ ಪಾಟಿ ಎತ್ತಿ ಹಿಡಿಯುವ ಮಕ್ಕಳಿಗೆ ಇರುತ್ತದಲ್ಲ, ಅಂಥದು. ಮಂಜೂರನಿಗೆ ಕಿರುಚಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ, "ಛಲೋ ಮಾಡೀದವಾ. ಭಾಳ ಛಲೋ ಮಾಡೀದಿ." ಕಪ್ಪು ಇಸಿದುಕೊಂಡು ಕುಡಿಯದೆ ಪಕ್ಕಕ್ಕಿಟ್ಟ. ಅವಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ.

ಸಿಂದಗಿಯ ಆ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವನು ದಿನಕ್ಕೊಂದು ಟೈ ಕಟ್ಟಿದವನು. ನಿನ್ನೆಯದು ಇವತ್ತಿಲ್ಲ, ಇವತ್ತಿನದು ಆರು ತಿಂಗಳು ಮತ್ತೆ ಇಲ್ಲ. ಊರಿನವರಿಗೆ ಅವನ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಟೈ ಸರ್ ಅಂದರೆ ಸಾಕು, ಕಿರಾಣಿ ಅಂಗಡಿಯಿಂದ ತಹಸೀಲ ಕಚೇರಿಯವರೆಗೆ ಎಲ್ಲರಿಗೂ ಗೊತ್ತು. ನಾಳೆ ಯಾವ ಬಣ್ಣ ಎಂದು ಮಕ್ಕಳು ಪೆನ್ಸಿಲ್ ಪಣ ಕಟ್ಟುತ್ತಿದ್ದರು. ಒಂಬತ್ತು ವರ್ಷದಿಂದ ಹೆಡ್‌ಮಾಸ್ತರನೂ ಆಗಿದ್ದ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಅಂಥವನಿಗೆ ಟೈ ಕಟ್ಟಲು ಬರುತ್ತಿರಲಿಲ್ಲ. ಇವತ್ತಲ್ಲ, ಎಂದೂ ಬಂದಿರಲಿಲ್ಲ. ಬೆಳಿಗ್ಗೆ ಗಂಟನ್ನು ಸಡಿಲ ಮಾಡಿ ತಲೆಯ ಮೇಲಿಂದ ಹಾಕಿಕೊಳ್ಳುವುದು, ಬಿಗಿ ಮಾಡುವುದು, ಸಂಜೆ ಸಡಿಲ ಮಾಡಿ ಹಾಗೆಯೇ ತೆಗೆದು ತೂಗುಹಾಕುವುದು. ಅಷ್ಟೇ ಅವನ ವಿದ್ಯೆ. ಹೆಂಡತಿ ಜೋಹರಾಬಿ ಅದನ್ನು ಸೋಮಾರಿತನ ಎಂದುಕೊಂಡಿದ್ದಳು. ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ.

ಫೋನನ್ನು ಕನ್ನಡಿಯ ಅಂಚಿಗೆ ಆನಿಸಿಟ್ಟು ಒಂದು ವಿಡಿಯೋ ಹಚ್ಚಿದ. ಎಲ್ಲಿಯದೋ ಪಡ್ಡೆ ಹುಡುಗ ನಗುನಗುತ್ತ ಅಗಲದ ತುದಿಯನ್ನು ಕಿರಿಯ ತುದಿಯ ಮೇಲೆ ಹಾಯಿಸಿದ, ಸುತ್ತಿದ, ಒಳಗಿಂದ ಎಳೆದ. ಮಂಜೂರನೂ ಹಾಯಿಸಿದ, ಸುತ್ತಿದ. ಹುಡುಗನ ಬಲ ತನ್ನ ಎಡವೋ, ಕನ್ನಡಿಯ ಎಡ ಹುಡುಗನ ಬಲವೋ ತಿಳಿಯದೆ ಕೈಗಳು ಒಂದಕ್ಕೊಂದು ಅಡ್ಡ ಬಂದವು. ನಾಲ್ಕನೆಯ ಸಲಕ್ಕೆ ಒಂದು ಗಂಟು ಬಿತ್ತು. ಅದು ಎಮ್ಮೆಯನ್ನು ಗೂಟಕ್ಕೆ ಕಟ್ಟುವ ಗಂಟಾಗಿತ್ತು. ಎಂಟೂ ಮುಕ್ಕಾಲು. ಒಂಬತ್ತೂವರೆಗೆ ಪ್ರಾರ್ಥನೆ. ಆರುನೂರು ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಅವರ ಟೈಗಳಿಗೆ ಇಲಾಸ್ಟಿಕ್ ಇರುತ್ತದೆ, ಗಂಟು ಕಾರ್ಖಾನೆಯಲ್ಲೇ ಬಿದ್ದಿರುತ್ತದೆ, ಆದರೂ ಯಾರ ಗಂಟಾದರೂ ಸೊಟ್ಟಗಿದ್ದರೆ ಅವನು ಸಾಲಿನಿಂದ ಹೊರಗೆ ಕರೆದು ನಿಲ್ಲಿಸುತ್ತಿದ್ದ. ಕಳೆದ ವಾರ ನಾಲತವಾಡದ ಕಡೆಯ ಒಂದು ಹುಡುಗಿಯನ್ನು ನಿಲ್ಲಿಸಿದ್ದ. ಅದು ಅತ್ತಿತ್ತು. ಟೈ ನೆಟ್ಟಗೆ ಹಾಕಿಕೊಳ್ಳಲು ಬರದವರು ಬದುಕಿನಲ್ಲಿ ಏನು ಮಾಡಿಯಾರು ಎಂದು ಎಲ್ಲರೆದುರು ಕೇಳಿದ್ದ. ಆ ಮಾತು ಈಗ ಕೋಣೆಯೊಳಗೆ ಅವನ ಜೊತೆಗೇ ಇತ್ತು.

ಸ್ಟಾಫ್ ರೂಮಿನ ಕನ್ನಡಿ ಇದಕ್ಕಿಂತ ಸಣ್ಣದು, ಮೂಲೆಯಲ್ಲಿ ಪಾದರಸ ಹೋಗಿ ಕಪ್ಪಾಗಿತ್ತು. ನೌಕರಿಯ ಮೊದಲ ದಿನ ಅದರ ಮುಂದೆ ಕಾಲು ಗಂಟೆ ನಿಂತು ಬೆವೆತಿದ್ದ. ಗಾದಿ ಹೊಲಿಯುವ ಮೋದಿನಸಾಬನ ಮಗನಿಗೆ ಟೈ ಯಾರು ಕಲಿಸಬೇಕು? ಆಡಳಿತ ಮಂಡಳಿಯವರು ಟೈ ಇಲ್ಲದೆ ಒಳಗೆ ಬರಬೇಡಿ ಎಂದಿದ್ದರು. ಆಗ ಹಿಂದಿನಿಂದ ಬಂದು ಟೈ ಕಸಿದುಕೊಂಡವನು ಸಿದ್ದಲಿಂಗ. ಅವನೂ ಅದೇ ವರ್ಷ ಸೇರಿದ ಗಣಿತದ ಮಾಸ್ತರ. ಓದುವಾಗ ಸೊಲ್ಲಾಪುರದ ದೊಡ್ಡ ಹೋಟೆಲಿನಲ್ಲಿ ಟೈ ಕಟ್ಟಿ ತಾಟು ಎತ್ತಿದ್ದವನು. "ಇನ್ನೊಬ್ಬರ ಕೊಳ್ಳಾಗ ಕಟ್ಟಾಕ ನನಗ ಬರೂದಿಲ್ಲಲೇ, ನನ್ನ ಕೊಳ್ಳಾಗ ಕಟ್ಟಿ ಕೊಡ್ತೇನಿ" ಎಂದು ತನ್ನ ಕೊರಳಿಗೆ ಹಾಕಿಕೊಂಡು ಸರಸರ ಗಂಟು ಹಾಕಿ, ಸಡಿಲ ಮಾಡಿ, ತಲೆಯಿಂದ ತೆಗೆದು ಮಂಜೂರನ ತಲೆಯ ಮೇಲಿಂದ ಇಳಿಸಿದ್ದ. "ಬಿಗಿ ಆತೇನು?" "ಇಲ್ಲ." ಹಾಗೆ ಶುರುವಾಯಿತು. ದಿನಾ ಒಂದೇ ಟೈ ಎಳೆದರೆ ಗಂಟು ಸವೆದು ಜಾರುತ್ತದೆ, ನಾಲ್ಕು ಇಟ್ಟುಕೋ ಎಂದವನೂ ಅವನೇ. ನಾಲ್ಕು ಹತ್ತಾದವು, ಹತ್ತು ನೂರಾದವು. ಬಿಜಾಪುರದಲ್ಲಿ ಕೊಂಡವು, ಹೈದರಾಬಾದಿನಲ್ಲಿ ಕೊಂಡವು, ಶಿಕ್ಷಕರ ದಿನಕ್ಕೆ ಮಕ್ಕಳು ಕೊಟ್ಟವು. ಜನ ಅದನ್ನು ಶೋಕಿ ಎಂದರು, ಹವ್ಯಾಸ ಎಂದರು, ಪೇಪರಿನವರು ಬಂದು ಫೋಟೋ ಹೊಡೆದುಕೊಂಡು ಹೋದರು. ಅದರ ಬೇರಿನಲ್ಲಿದ್ದದ್ದು ಬರೀ ಹೆದರಿಕೆ. ಒಂದೊಂದು ಟೈಯೂ ಮೊದಲು ಸಿದ್ದಲಿಂಗನ ಕೊರಳು ಸುತ್ತಿಯೇ ಮಂಜೂರನ ಕೊರಳಿಗೆ ಬಂದದ್ದು.

ಸಿದ್ದಲಿಂಗ ಶಾಲೆ ಬಿಟ್ಟುಹೋದ ಮೇಲೆ, ಒಂಬತ್ತು ವರ್ಷದಿಂದ, ಹೊಸ ಗಂಟು ಬಿದ್ದಿರಲಿಲ್ಲ. ಮಕ್ಕಳು ಕೊಟ್ಟ ಹೊಸ ಟೈಗಳು ಡಬ್ಬಿ ಒಡೆಯದೆ ಟ್ರಂಕಿನಲ್ಲಿ ಬಿದ್ದಿದ್ದವು. ಹಳೆಯವನ್ನು ಕೋಳಿಮರಿ ಹಿಡಿದಂತೆ ಹಿಡಿಯುತ್ತಿದ್ದ, ಆದರೂ ಆಗಾಗ ಒಂದು ಜಾರಿ ಬಿಚ್ಚಿಹೋಗುತ್ತಿತ್ತು. ಆವತ್ತು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಇನ್ನೂರರ ಮೇಲಿದ್ದವು ನೂರಾ ಎಪ್ಪತ್ತೊಂದಕ್ಕೆ ಇಳಿದಿದ್ದು ಹಾಗೆ. ಇಷ್ಟು ವರ್ಷದಲ್ಲಿ ಕಲಿಯಬಾರದಿತ್ತೇ ಎಂದರೆ ಕಲಿಯಬಹುದಿತ್ತು. ಐದನೇ ಇಯತ್ತೆಯ ಹುಡುಗ ಒಂದು ತಾಸಿನಲ್ಲಿ ಕಲಿಯುತ್ತಾನೆ. ಆದರೆ ತಾನೇ ಕಟ್ಟಿಕೊಳ್ಳಲು ಕಲಿತ ದಿನ ಸಿದ್ದಲಿಂಗ ತನ್ನ ಕೊರಳಿನಿಂದಲೂ ಹೋಗಿಬಿಡುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಅವನ ಕೈ ಮಾಡಿದ್ದರಲ್ಲಿ ಉಳಿದದ್ದು ಅದೊಂದೇ. ಅದನ್ನೂ ಒಂದು ಮುಗ್ಧ ಹುಡುಗಿ ಹಲ್ಲು ಹಚ್ಚಿ ಬಿಚ್ಚಿದ್ದಳು.

ಒಂಬತ್ತು ಹೊಡೆಯಿತು. ಶಾಲೆಯ ಜವಾನ ಗುರಪ್ಪನಿಗೆ ಫೋನು ಹಚ್ಚಿ, ಇವತ್ತು ಪ್ರಾರ್ಥನೆ ಮಾಸ್ತರರೇ ಮುಗಿಸಲಿ, ನಾನು ತಡವಾಗಿ ಬರುತ್ತೇನೆ ಎಂದ. "ಆರಾಮ ಇಲ್ಲೇನ್ರಿ ಸರ?" ಎಂದು ಗುರಪ್ಪ ಗಾಬರಿಯಾದ, ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಆದದ್ದಿಲ್ಲ. ಮಂಜೂರ ಕಪಾಟಿನಿಂದ ಒಂದು ತೋಳಿಗೆ ಹಿಡಿಸುವಷ್ಟು ಟೈ ಬಾಚಿ ಬಟ್ಟೆಯ ಚೀಲದೊಳಗೆ ತುರುಕಿದ. ಅಡುಗೆಮನೆಯ ಹೊಸ್ತಿಲಲ್ಲಿ ಜೋಹರಾಬಿ ಎದುರಾದಳು. "ಬರೇ ಕೊಳ್ಳಿಲೆ ಎಲ್ಲಿಗಿ ಹೊಂಟೀರಿ?" ಎಂದು ನಕ್ಕವಳು ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. "ಆಲಮೇಲಕ್ಕ" ಎಂದ. ಆಲಮೇಲದಲ್ಲಿ ಸಿದ್ದಲಿಂಗ ಇದ್ದಾನೆ ಎಂದು ಅವಳಿಗೆ ಗೊತ್ತಿತ್ತು. ದಾರಿ ಬಿಟ್ಟಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಾಲರಿನ ಮೊದಲ ಗುಂಡಿ ಹಾಕಿದರೆ ಕತ್ತು ಹಿಸುಕುತ್ತಿತ್ತು, ಬಿಚ್ಚಿದರೆ ಗಾಳಿ ಎದೆಗೆ ನುಗ್ಗಿ ಮೈಮೇಲೆ ಬಟ್ಟೆಯೇ ಇಲ್ಲದಂತೆ ಆಗುತ್ತಿತ್ತು. ಟಿಕೀಟು ಕೊಡಲು ಬಂದ ಕಂಡಕ್ಟರ್ ಹುಡುಗ ಚಿಲ್ಲರೆ ಇಲ್ಲವೇ ಎಂದು ಗದರಿದ. ಮುಂದಿನ ಸೀಟಿಗೆ ಹೋದವನು ತಿರುಗಿ ನೋಡಿ ಓಡಿ ಬಂದ. "ಅಯ್ಯ, ಟೈ ಸರ! ನಾ ನಿಯಾಜ್ರಿ, ಹತ್ತನೇ ಇಯತ್ತೆ ಬಿ ಸೆಕ್ಷನ್. ಕೊಳ್ಳಾಗ ಟೈ ಇಲ್ಲ ನೋಡ್ರಿ, ಗುರ್ತ ಹತ್ತಲಿಲ್ಲ." ಸುತ್ತಲಿನವರು ತಿರುಗಿ ಅವನ ಮುಖವನ್ನಲ್ಲ, ಕೊರಳನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಂಜೂರನ ಕೈ ಕಾಲರಿಗೆ ಹೋಯಿತು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ತೂಗಾಡುತ್ತಿತ್ತು. ಎರಡೂ ಕಡೆ ಬಿಳಿಜೋಳ ಕಟಾವಿಗೆ ಬಂದಿತ್ತು. ಬರೀ ಟೈ ಕಟ್ಟಿಸಿಕೊಂಡು ಬಂದುಬಿಡುವುದು, ಮತ್ತೇನೂ ಮಾತಿಲ್ಲ, ಎಂದು ಅವನು ತನಗೆ ತಾನೇ ಹೇಳಿಕೊಂಡ.

ಒಂಬತ್ತು ವರ್ಷದ ಹಿಂದೆ, ಆ ಕೋಣೆಯಲ್ಲಿ ಐವರಿದ್ದರು. ಮೇಜಿನ ಆಚೆ ಆಡಳಿತ ಮಂಡಳಿಯ ಮೂವರು, ಈಚೆ ಅವನು, ಗೋಡೆಯ ಹತ್ತಿರ ಸಿದ್ದಲಿಂಗ. ಪರೀಕ್ಷೆಯಲ್ಲಿ ಸ್ಕ್ವಾಡಿನವರು ಒಬ್ಬ ಹುಡುಗನ ಕೈಯಲ್ಲಿ ಕಾಪಿ ಚೀಟಿ ಹಿಡಿದಿದ್ದರು. ಹುಡುಗ ಮಂಡಳಿಯವರ ನೆಂಟರ ಪೈಕಿ. ಚೀಟಿ ಕೊಟ್ಟವರು ಸಿದ್ದಲಿಂಗ ಸರ್ ಎಂದು ಹೇಳು ಅಂತ ಅವನಿಗೆ ಕಲಿಸಲಾಗಿತ್ತು. ಆ ಹಾಲಿನಲ್ಲಿ ಮೇಲ್ವಿಚಾರಣೆಗೆ ಇದ್ದದ್ದು ಇಬ್ಬರೇ, ಸಿದ್ದಲಿಂಗ ಮತ್ತು ಮಂಜೂರ. ಕಿಟಕಿಯಿಂದ ಮಂಡಳಿಯ ಆಫೀಸಿನ ಮನುಷ್ಯನ ಕೈ ಒಳಗೆ ಬಂದದ್ದನ್ನು, ಆ ಕೈಯ ತಾಮ್ರದ ಉಂಗುರವನ್ನು ಮಂಜೂರ ಕಣ್ಣಾರೆ ಕಂಡಿದ್ದ. ನೀವೇನು ನೋಡಿದಿರಿ ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಬೇಕಾದ ಉತ್ತರವಿತ್ತು. ಹೆಡ್‌ಮಾಸ್ತರರ ಕುರ್ಚಿ ಜೂನಿನಲ್ಲಿ ಖಾಲಿಯಾಗುವುದೂ ಇತ್ತು. ಅವನು ಏನೂ ಯೋಚಿಸಿರಲಿಲ್ಲ, ಖುದಾನ ಆಣೆ, ಮಾತು ತಾನಾಗಿ ಬಾಯಿಗೆ ಬಂತು: "ಆಗ ನನ್ನ ಟೈ ಗಂಟು ಬಿಚ್ಚಿತ್ತು. ಗೋಡೆ ಕಡೆ ತಿರುಗಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಏನೂ ನೋಡಲಿಲ್ಲ." ಸಿದ್ದಲಿಂಗ ತಲೆ ಎತ್ತಿದ. ಇವನಿಗೆ ಟೈ ಕಟ್ಟಲು ಬರುವುದಿಲ್ಲ, ಬೇಕಿದ್ದರೆ ಈಗಲೇ ಕಟ್ಟಿಸಿ ನೋಡಿರಿ ಎಂಬ ಒಂದು ಮಾತು ಅವನು ಹೇಳಿದ್ದರೆ ಸಾಕಿತ್ತು, ಸುಳ್ಳು ಅಲ್ಲೇ ಕಳಚಿ ಬೀಳುತ್ತಿತ್ತು. ಅವನು ಮಂಜೂರನ ಕೊರಳಿನ ಮೆರೂನ್ ಟೈಯನ್ನು, ಹದಿನೈದು ದಿನದ ಹಿಂದೆ ತಾನೇ ಹಾಕಿದ ಗಂಟನ್ನು ನೋಡಿದ, ಸಣ್ಣಗೆ ನಕ್ಕ, ಮತ್ತೆ ತಲೆ ತಗ್ಗಿಸಿದ. ಅವನ ನೌಕರಿ ಹೋಯಿತು. ಆ ನಗುವಿಗೆ ಹೆದರಿ ಮಂಜೂರ ಒಂಬತ್ತು ವರ್ಷ ಆಲಮೇಲದ ಬಸ್ಸು ಹತ್ತಿರಲಿಲ್ಲ.

ಝೆರಾಕ್ಸ್ ಅಂಗಡಿ ಬಸ್ ಸ್ಟ್ಯಾಂಡಿನ ಎದುರೇ ಇತ್ತು. ಅರ್ಜಿ ಬರೆದುಕೊಡಲಾಗುವುದು ಎಂದು ಬೋರ್ಡು, ಅಕ್ಷರ ಸಿದ್ದಲಿಂಗನದೇ. ಗಣಿತದ ಮಾಸ್ತರನ ಕೂದಲು ಪೂರ್ತಿ ಬಿಳಿಯಾಗಿತ್ತು, ಅಂಗಿಯ ಮೇಲಿನ ಎರಡು ಗುಂಡಿ ತೆರೆದಿದ್ದವು. ಒಬ್ಬ ಮುದುಕಿ ಆಧಾರ್ ಕಾರ್ಡು ಹಿಡಿದು ನಿಂತಿದ್ದಳು. ಸಿದ್ದಲಿಂಗ ಒಮ್ಮೆ ಕಣ್ಣೆತ್ತಿದ, ಗುರುತು ಹಿಡಿದ, ಮುದುಕಿಯ ಕಡೆ ತಿರುಗಿದ. "ಎಷ್ಟ ಕಾಪಿ ಬೇಕ ಸಾತವ್ವಾ?" "ಎಡ್ಡ ತಗಿಯಪ್ಪಾ." ಮಂಜೂರ ಕೌಂಟರಿನ ಈಚೆ ಚೀಲ ಅವುಚಿಕೊಂಡು ಗಿರಾಕಿಯಂತೆ ಸರದಿಯಲ್ಲಿ ನಿಂತ.

"ನಿಮಗೇನ್ರಿ ಹೆಡ್‌ಮಾಸ್ತರ?" ಮುದುಕಿಯ ಕಾರ್ಡು ಇಸಿದು ಮಶೀನಿನ ಪಕ್ಕ ಇಟ್ಟು, ಕೊನೆಗೆ ಸಿದ್ದಲಿಂಗ ಕೇಳಿದ. 'ಲೇ' ಎಂದು ಬಿಟ್ಟು ಬೇರೆ ಮಾತಾಡಿಸದಿದ್ದವನು 'ರಿ' ಅಂದದ್ದು ಮಂಜೂರನಿಗೆ ಕೆನ್ನೆಗೆ ಹೊಡೆದಂತಾಯಿತು. ಚೀಲದ ಬಾಯಿ ತೆರೆದು ಕೌಂಟರಿನ ಮೇಲೆ ಸುರುವಿದ. ಕೆಂಪು, ನೀಲಿ, ಹಸಿರು, ಪಟ್ಟೆ ಪಟ್ಟೆ. ಸಿದ್ದಲಿಂಗ ಒಂದನ್ನು ಎತ್ತಿ ಬೆರಳಿನಲ್ಲಿ ಸವರಿದ. ಅವನಿಗೆ ಏನೂ ಹೇಳಬೇಕಾಗಲಿಲ್ಲ.

"ಎಲ್ಲಾ ಬಿಚ್ಯಾರ?"

"ಸೊಸಿ. ಗೊತ್ತಿಲ್ದ ಮಾಡ್ಯಾಳ. ಒಗದು ಇಸ್ತ್ರಿ ಹೊಡದಾಳ."

"ಎಲ್ಲಾ ನಾ ಕಟ್ಟಿದ್ವ ಇದ್ವೇನು? ಇಷ್ಟ ವರ್ಷ?"

"ಎಲ್ಲಾ ನೀ ಕಟ್ಟಿದ್ವ."

ಸಿದ್ದಲಿಂಗನ ಮುಖದಲ್ಲಿ ಏನೋ ಸರಿದು ಹೋಯಿತು. ಅವನು ರಾಶಿಯೊಳಗೆ ಕೈಯಾಡಿಸಿ ಒಂದನ್ನು ಹುಡುಕಿ ತೆಗೆದ. ಮೆರೂನ್. "ಇಲ್ಲಿ ಕನ್ನಡಿ ಇಲ್ಲ. ಎದುರಿಗಿ ನಿಂದ್ರಿ" ಎಂದ. ಮಂಜೂರ ಎದುರಿಗೆ ನಿಂತ. ಸಿದ್ದಲಿಂಗ ತೆರೆದ ಕಾಲರಿನ ಸುತ್ತ ಟೈ ಹಾಕಿಕೊಂಡ, ಮಂಜೂರನ ಮುಖವನ್ನೇ ನೋಡುತ್ತ ಅಗಲದ ತುದಿ ಹಾಯಿಸಿದ, ಸುತ್ತಿದ, ಒಳಗಿಂದ ಎಳೆದ. ಬೆರಳುಗಳು ಒಂದು ದಿನವೂ ರೂಢಿ ಬಿಟ್ಟಿಲ್ಲದಂತೆ ಓಡಾಡಿದವು. ಗಂಟು ಬಿತ್ತು, ಅದೇ ಗಂಟು, ಕೆಳಗೆ ಒಂದು ಸಣ್ಣ ಕುಳಿ ಬೀಳುವಂಥದು. ಮಂಜೂರನ ಕಣ್ಣು ತುಂಬಿತು. ಇದೋ ಮುಗಿಯಿತು, ಕ್ಷಮೆ ಅಂದರೆ ಇಷ್ಟೇ, ಕೇಳುವುದೂ ಬೇಡ, ಕೊಡುವುದೂ ಬೇಡ ಎನಿಸಿತು. ಸಿದ್ದಲಿಂಗ ಗಂಟು ಸಡಿಲಿಸಿ ಟೈಯನ್ನು ತಲೆಯಿಂದ ತೆಗೆದ. ಹಳೆಯ ರೂಢಿಯಂತೆ ಮಂಜೂರ ಕೌಂಟರಿನ ಮೇಲೆ ತಲೆ ಬಾಗಿಸಿದ.

ಏನೂ ಇಳಿಯಲಿಲ್ಲ. ತಲೆ ಎತ್ತಿದಾಗ ಸಿದ್ದಲಿಂಗ ಕಿರಿಯ ತುದಿಯನ್ನು ಮೆಲ್ಲಗೆ ಎಳೆಯುತ್ತಿದ್ದ. ಗಂಟು ಕರಗಿ ಇಲ್ಲವಾಯಿತು. ಬರೀ ಪಟ್ಟಿಯನ್ನು ಅವನು ಮಂಜೂರನ ಕೊರಳಿಗೆ ಹಾಕಿ, ಎರಡೂ ತುದಿಗಳನ್ನು ಎದೆಯ ಮೇಲೆ ಸಮ ಮಾಡಿ ಬಿಟ್ಟ.

"ನೀವ ಕಟಗೋರಿ. ಅವತ್ತ ಗ್ವಾಡಿ ಕಡೆ ತಿರುಗಿ ಹ್ಯಾಂಗ ಕಟಗೊಂಡ್ರಿ, ಹಂಗ."

ಹೇಳಿ ಮುದುಕಿಯ ಕಾರ್ಡನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದ. ಮಶೀನು ಗುರ್ ಎಂದಿತು, ಹಸಿರು ಬೆಳಕು ಅಂಚಿನಲ್ಲಿ ಹಾದುಹೋಯಿತು. ಮಂಜೂರ ಎರಡು ತುದಿ ಹಿಡಿದು ನಿಂತ. ಯಾವುದು ಮೇಲೆ ಬರಬೇಕು ತಿಳಿಯಲಿಲ್ಲ. ಚೀಲ ಎತ್ತಿಕೊಂಡು ಹೋಗಬಹುದಿತ್ತು. ಹೊರಗೆ ಸಿಂದಗಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಹತ್ತು ಹೆಜ್ಜೆ. ಹದಿನಾಲ್ಕು ತಿಂಗಳು ಹೇಗಾದರೂ ಕಳೆಯಬಹುದು, ಟೈ ಬಿಟ್ಟೆ, ವಯಸ್ಸಾಯಿತು ಎಂದರಾಯಿತು, ನಂಬುತ್ತಾರೆ, ಜನ ತನ್ನನ್ನು ಯಾವಾಗಲೂ ನಂಬಿದ್ದಾರೆ. ಆದರೆ ಕಾಲು ಕೀಳಲಿಲ್ಲ.

"ನಾ ನೋಡಿದ್ನಿ" ಎಂದ.

"ಏನಂದ್ರಿ? ಮಶೀನ್ ಸಪ್ಪಳದಾಗ ಕೇಳಸೂದಿಲ್ಲ."

"ನಾ ನೋಡಿದ್ನಿ!" ದನಿ ಒಡೆದು ಅಂಗಡಿಯ ಹೊರಗೂ ಹೋಯಿತು. ಪಾನ್ ಅಂಗಡಿಯವನು ಇಣುಕಿದ. "ಚೀಟಿ ನೀ ಕೊಟ್ಟಿದ್ದಿಲ್ಲ. ಕಿಟಕ್ಯಾಗಿಂದ ಆಫೀಸಿನಾಂವ ಕೊಟ್ಟ. ನಾ ಕಣ್ಣಾರೆ ನೋಡಿದ್ನಿ. ನನಗ... ನನಗ ಟೈ ಕಟ್ಟಾಕ ಬರೂದಿಲ್ಲ!"

ಅರವತ್ತರ ಹತ್ತಿರದ ಗಂಡಸು ಕೌಂಟರಿಗೆ ಆತು ಮಕ್ಕಳಂತೆ ಬಿಕ್ಕತೊಡಗಿದ್ದು ನೋಡಿ ಸಾತವ್ವನ ಕರುಳು ಚುರ್ ಎಂದಿತು. ಅವನ ಬೆನ್ನ ಮೇಲೆ ಕೈಯಿಟ್ಟಳು. "ಅಷ್ಟಕ್ಕ ಯಾಕ ಅಳತೀಯೋ ಯಪ್ಪಾ? ನಮ್ಮ ಮನ್ಯಾಗ ಯಾರಿಗೂ ಬರೂದಿಲ್ಲ."

ಸಿದ್ದಲಿಂಗ ಮಶೀನಿನ ಗುಂಡಿ ಒತ್ತಿ ನಿಲ್ಲಿಸಿದ. ಅಂಗಡಿ ಒಮ್ಮೆಲೇ ಶಾಂತವಾಯಿತು. ಆಮೇಲೆ ಕಟ್ಟಿನಿಂದ ಒಂದು ಬಿಳಿ ಹಾಳೆ ಎಳೆದು ಟೈಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ ಇಟ್ಟ, ಅದರ ಮೇಲೆ ತನ್ನ ಪೆನ್ನು ಇಟ್ಟ.

"ಬರದ ಕೊಡು" ಎಂದ. "ಈಗ ಹೇಳಿದ್ದಷ್ಟೂ. ಝೆರಾಕ್ಸ್ ನಾ ಮಾಡ್ಕೋತೇನಿ."

ಮಂಜೂರ ಪೆನ್ನು ತೆಗೆದುಕೊಂಡ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಶಾಲೆಯದೇ ಇರಬೇಕು. ಬಾಗಿದಾಗ ಕೊರಳಿನ ಟೈಯ ಎರಡೂ ತುದಿಗಳು ಹಾಳೆಯ ಮೇಲೆ ಬಿದ್ದವು. ಅವನ್ನು ತೆಗೆದು ಹೆಗಲ ಹಿಂದಕ್ಕೆ ಹಾಕಿಕೊಂಡು, ಮೂಲೆಯಲ್ಲಿ ಇವತ್ತಿನ ತಾರೀಖು ಬರೆದ.